ಬೇಡವೆನ್ನುವ ಸರದಿ

ಆ ಬಾಗಿಲ ಮೇಲೆ 'ಡಾಕ್ಟರರು' ಎಂದು ಬರೆದಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದವಳೂ ಡಾಕ್ಟರೇ. ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರೊಫೆಸರು. ಆದರೆ ಆ ಬಾಗಿಲು ಅವಳದಲ್ಲ.

ಆಪರೇಷನ್ ಥಿಯೇಟರ್ ಕಟ್ಟಿಸಿದವರ ಲೆಕ್ಕದಲ್ಲಿ ಡಾಕ್ಟರು ಎಂದರೆ ಗಂಡಸು, ನರ್ಸು ಎಂದರೆ ಹೆಂಗಸು. ನರ್ಸುಗಳಿಗೆ ಕೋಣೆ ಕಟ್ಟುವುದನ್ನೂ ಅವರು ಮರೆತಿದ್ದರು. ಹೀಗಾಗಿ ಹೆಣ್ಣು ಡಾಕ್ಟರು, ನರ್ಸು, ಆಯಾ ಎಲ್ಲರೂ ಬಟ್ಟೆ ಬದಲಿಸುತ್ತಿದ್ದದ್ದು ಒಗೆದ ಬಟ್ಟೆ ಇಡುವ ಕೋಣೆಯಲ್ಲಿ. ಮೂರು ಕಡೆ ಹಾಸಿಗೆಬಟ್ಟೆಯ ರಾಶಿ. ಒಬ್ಬಳು ತೋಳೆತ್ತಿದರೆ ಇನ್ನೊಬ್ಬಳು ತಲೆ ತಗ್ಗಿಸಬೇಕು. ಅಲ್ಲಿ ಕಕ್ಕಸು ಇರಲಿಲ್ಲ. ಅದಕ್ಕೆ ಎರಡು ವಾರ್ಡು ದಾಟಿ ಹೋಗಬೇಕು. ಆಪರೇಷನ್ ಇರುವ ದಿನ ದೊಡ್ಡಕ್ಕ ನೀರು ಕುಡಿಯುವುದನ್ನು ಬಿಟ್ಟು ಯಾವ ಕಾಲವಾಯಿತೋ. ಉರಿಮೂತ್ರ ಅವಳಿಗೆ ಸಂಬಳದ ಹಾಗೆ ತಪ್ಪದೆ ಬರುತ್ತಿತ್ತು.

ಗಂಡಸರ ಕೋಣೆಯಲ್ಲಿ ಸೋಫಾ ಇತ್ತು. ಸ್ನಾನದ ಮನೆ ಇತ್ತು. ಅಲ್ಲಿ ಬರೀ ಬಟ್ಟೆ ಬದಲಾಗುತ್ತಿರಲಿಲ್ಲ, ವಿಭಾಗವೇ ನಡೆಯುತ್ತಿತ್ತು. ಯಾವ ಆಪರೇಷನ್ ಯಾರಿಗೆ, ಪರೀಕ್ಷಕರಾಗಿ ಹೋಗುವವರು ಯಾರು, ಮುಂದಿನ ಕುರ್ಚಿ ಯಾರದು ಎಲ್ಲವೂ ಅಲ್ಲಿ, ಷರಟಿನ ಗುಂಡಿ ಹಾಕಿಕೊಳ್ಳುತ್ತ ತೀರ್ಮಾನವಾಗುತ್ತಿತ್ತು. ಸಭೆಗೆ ಬರುವ ಹೊತ್ತಿಗೆ ಮಾತು ಬೆಂದು ಆರಿರುತ್ತಿತ್ತು.

ಎರಡು ಕೋಣೆಗಳ ನಡುವೆ ಒಂದೇ ಗೋಡೆ. ಅದರ ನೆತ್ತಿಯಲ್ಲಿ ಗಾಳಿಗೆಂದು ಬಿಟ್ಟ ಕಂಡಿ. ಗೋಡೆಗೆ ಕಿವಿ ಇರುತ್ತದೆ ಎನ್ನುತ್ತಾರೆ. ಈ ಗೋಡೆಗೆ ಬಾಯಿ ಇತ್ತು. ಗಂಡಸರಿಗೆ ಅದು ಗೊತ್ತೇ ಇರಲಿಲ್ಲ. ಒಗೆದ ಬಟ್ಟೆಯ ಕೋಣೆಗೆ ಅವರಲ್ಲಿ ಒಬ್ಬರೂ ಕಾಲಿಟ್ಟವರಲ್ಲ. ಹೆಂಗಸರು ಅಲ್ಲಿ ಪಿಸುದನಿಯಲ್ಲೇ ಮಾತಾಡುತ್ತಿದ್ದರು.

ಆ ಮಧ್ಯಾಹ್ನ ದೊಡ್ಡಕ್ಕ ಕರುಳಿನ ಗಡ್ಡೆ ತೆಗೆದು ಬಂದಿದ್ದಳು. ಬೆಳಗಿನಿಂದ ನಿಂತು ಕಾಲು ಮರದ ಕೊರಡಾಗಿತ್ತು. ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ಆಯಾ ಕೇಳದೆಯೇ ಅವಳ ಕಾಲಿನಿಂದ ರಬ್ಬರಿನ ಚಪ್ಪಲಿ ಎಳೆದು ತೆಗೆದಳು. ಮೂಲೆಯಲ್ಲಿ ಪುಟ್ಟಿ ಎಲ್ಲರಿಗೂ ಬೆನ್ನು ಮಾಡಿ ಕೂತು ಬಾಟಲಿಗೆ ಎದೆಹಾಲು ಹಿಂಡುತ್ತಿದ್ದಳು. ಅವಳೂ ಡಾಕ್ಟರು, ವಿಭಾಗದ ಎಲ್ಲರಿಗಿಂತ ಕಿರಿಯ ಉಪನ್ಯಾಸಕಿ. ಹೆರಿಗೆ ರಜೆ ಮುಗಿಸಿ ಈಚೆಗೆ ಬಂದಿದ್ದಳು. ಗಂಡಸರು ಅವಳಿಗೆ 'ಬಾಣಂತಿ' ಎಂದು ಹೆಸರಿಟ್ಟಿದ್ದರು. ದೊಡ್ಡಕ್ಕ 'ಪುಟ್ಟಿ' ಎನ್ನುತ್ತಿದ್ದಳು.

"ಏನವ್ವಾ ಕಾಮಧೇನು, ಇವತ್ತು ಮಗೀಗೆ ಹೊಟ್ಟೆ ತುಂಬುತ್ತಾ?" ಎಂದಳು ಆಯಾ.

"ಹಿಂಡೋಕೆ ಹೊತ್ತು ಎಲ್ಲಿ ಕೊಡ್ತಾರೆ ಆಯಾ. ಕಾಮಧೇನೂಗೂ ರೌಂಡ್ಸ್ ಇರುತ್ತೆ ಇಲ್ಲಿ."

ಎಲ್ಲರೂ ಸದ್ದಿಲ್ಲದೆ ನಕ್ಕರು. ನಗು ನಿಲ್ಲುವ ಮೊದಲೇ ಗೋಡೆ ಮಾತಾಡಿತು.

"ಇನ್ನೇನಪ್ಪ, ನಾನು ಇಳಿಯೋ ದಿನ ಬಂತು. ಕುರ್ಚಿ ನಿಂದೇ." ಅದು ಯಜಮಾನರ ದನಿ. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಆ ತಿಂಗಳು ಅವರ ನಿವೃತ್ತಿ.

"ದೊಡ್ಡಕ್ಕ ಇದಾರಲ್ಲ ಸರ್. ನನಗಿಂತ ಸೀನಿಯರು." ಇದು ಚಿನ್ನದ ಕೈ ಎಂಬ ಅಡ್ಡಹೆಸರಿನ ಪ್ರೊಫೆಸರು. ಚಿನ್ನದ ಪದಕ ಗೆದ್ದು ಬಂದವನು. ಆ ಕೈಗೆ ಮೊದಲ ಗಂಟು ಹಾಕುವುದನ್ನು ಕಲಿಸಿದವಳು ದೊಡ್ಡಕ್ಕ.

"ಅವಳು ದೊಡ್ಡ ಮನಸ್ಸು ಮಾಡ್ತಾಳೆ ಬಿಡು. ಹೆಂಗಸರು ಯಜಮಾನಿಕೆ ಮಾಡೋಕೆ ನಿಂತ್ರೆ ನಾವು ಬಟ್ಟೆ ಮಡಚೋಕೆ ಹೋಗ್ಬೇಕಾಗುತ್ತೆ."

"ಮಾಡದೇ ಇದ್ರೆ?"

"ಆ ಪಿತ್ತಕೋಶದ ಹೆಂಗಸು ಸತ್ಲಲ್ಲ, ಆ ಕೇಸ್ ಇದೆಯಲ್ಲಪ್ಪ. ಕೊನೇಲಿ ಅವಳ ಹೊಟ್ಟೆಯೊಳಗೆ ಇದ್ದ ಕೈ ಯಾರದು? ದೊಡ್ಡಕ್ಕಂದೇ ತಾನೆ?"

"ಅವತ್ತು ನೀವು..."

"ನಾನು ಫೋನ್ ಬಂತು ಅಂತ ಹೋಗಿದ್ದೆ. ಅದಕ್ಕೆ ಸಾಕ್ಷಿ ಯಾರು? ನರ್ಸು, ಅರಿವಳಿಕೆ ಡಾಕ್ಟ್ರು ಬಾಯಿ ಬಿಡಲ್ಲ. ಉಳಿದಿದ್ದು ಆ ಬಾಣಂತಿ. ಅವಳ ಕೆಲಸ ಇನ್ನೂ ಖಾಯಂ ಆಗಿಲ್ಲ, ಹೇಳಿಕೊಟ್ಟ ಹಾಗೆ ಹೇಳ್ತಾಳೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು."

ನೀರು ಸುರಿದ ಸದ್ದು. ಬಾಗಿಲು ಬಡಿದ ಸದ್ದು.

ಒಗೆದ ಬಟ್ಟೆಯ ಕೋಣೆಯಲ್ಲಿ ಪುಟ್ಟಿಯ ಕೈ ನಿಂತಿತ್ತು. ಬಾಟಲಿ ವಾಲಿ ಹಾಲು ನೆಲದ ಮೇಲೆ ಹರಿಯುತ್ತಿತ್ತು. ಆಯಾ ಮಂಡಿಯೂರಿ ಒರೆಸಿದಳು. ಒರೆಸಿ, ಪುಟ್ಟಿಯ ಹೆಗಲ ಮೇಲೆ ಜಾರಿದ್ದ ಕೋಟನ್ನು ಸರಿಮಾಡಿದಳು.

ದೊಡ್ಡಕ್ಕನ ಹೊಟ್ಟೆಯೊಳಗೆ ಯಾರೋ ತಣ್ಣನೆಯ ಕೈ ಹಾಕಿದ ಹಾಗಾಯಿತು.

ದೊಡ್ಡ ಮನಸ್ಸು ಮಾಡುವುದು ಆ ಕಾಲೇಜಿನ ರೂಢಿ. ಮುಖ್ಯಸ್ಥನ ಕುರ್ಚಿ ತೆರವಾದಾಗ ಎಲ್ಲರಿಗಿಂತ ಹಿರಿಯರಿಗೆ ಅದು ಸಲ್ಲಬೇಕು. ಹಿರಿಯರು ಗಂಡಸಾದರೆ ಕೂರುತ್ತಾನೆ. ಹೆಂಗಸಾದರೆ ಸಭೆಯಲ್ಲಿ ಎದ್ದು ನಿಲ್ಲುತ್ತಾಳೆ. "ನನಗೆ ಮನೆಯ ಹೊಣೆ ಇದೆ. ಈ ಭಾರ ಕಿರಿಯರು ಹೊರಲಿ" ಎನ್ನುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೂಗುಚ್ಛ ಕೊಡುತ್ತಾರೆ. ಅವಳ ದೊಡ್ಡ ಮನಸ್ಸನ್ನು ಹೊಗಳುತ್ತಾರೆ. ಯಾರೂ ಕಿತ್ತುಕೊಂಡಿಲ್ಲ, ಅವಳೇ ಬೇಡವೆಂದಳು. ಮಕ್ಕಳ ವಿಭಾಗದಲ್ಲಿ ಹಾಗೇ ಆಯಿತು. ಕಣ್ಣಿನ ವಿಭಾಗದಲ್ಲಿ ಹಾಗೇ ಆಯಿತು. ಹೆರಿಗೆ ವಿಭಾಗದಲ್ಲೂ ಹಾಗೇ. ಅಲ್ಲಿ ಹೆರುವವರು ಹೆಂಗಸರು, ಹೆರಿಸುವವರು ಹೆಂಗಸರು, ಕುರ್ಚಿಯಲ್ಲಿ ಕೂತವನು ಮಾತ್ರ ಗಂಡಸು. ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರಿದ್ದರು. ಗೋಡೆಗೆ ತೂಗುಹಾಕಿದ ಮುಖ್ಯಸ್ಥರ ಪಟಗಳಲ್ಲಿ ಒಬ್ಬಳೂ ಇರಲಿಲ್ಲ.

ಈಗ ದೊಡ್ಡಕ್ಕನ ಸರದಿ.

ಪಿತ್ತಕೋಶದ ಹೆಂಗಸನ್ನು ದೊಡ್ಡಕ್ಕ ಮರೆತಿರಲಿಲ್ಲ. ಆ ಆಪರೇಷನ್ ಯಜಮಾನರದು. ಪಕ್ಕದಲ್ಲಿ ಪುಟ್ಟಿ, ಆಗ ತುಂಬುಬಸುರಿ. ಮೇಜಿಗೆ ಹೊಟ್ಟೆ ತಾಗಿಸಿಕೊಂಡು, ಯಕೃತ್ತನ್ನು ಸಲಕರಣೆಯಿಂದ ಮೇಲೆತ್ತಿ ಹಿಡಿದು ನಿಂತಿದ್ದಳು. ಯಜಮಾನರು ಅರ್ಧಕ್ಕೆ ಕೈಗವಸು ಕಳಚಿ ಹೊರಗೆ ಹೋದರು. ಆಗ ಒಳಗೆ ರಕ್ತನಾಳ ಒಡೆಯಿತು. ಪುಟ್ಟಿ ಕೂಗಿದಳು. ದೊಡ್ಡಕ್ಕ ಪಕ್ಕದ ಥಿಯೇಟರಿನಿಂದ ಓಡಿ ಬಂದಳು. ಕೈ ಇಳಿಸಿದರೆ ರಕ್ತದ ಬಾವಿ. ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿನಿಂದ ತಡಕಿ, ನಾಳ ಸಿಕ್ಕಿ, ಒತ್ತಿ ಹಿಡಿದಳು. ಹೆಬ್ಬೆರಳು ಮರಗಟ್ಟಿತು. ಹಿಡಿದೇ ಇದ್ದಳು. ಅವಳ ಬೆರಳಿನ ಕೆಳಗೇ ಆ ಹೆಂಗಸಿನ ನಾಡಿ ಸಣ್ಣದಾಗುತ್ತ ಬಂದು ನಿಂತಿತು.

'ಅಪರೂಪದ ತೊಡಕು' ಎಂದು ಯಜಮಾನರು ಮನೆಯವರಿಗೆ ತಿಳಿಸಿದರು. "ನೀವು ಅಲ್ಲಿರಲಿಲ್ಲ" ಎಂದು ದೊಡ್ಡಕ್ಕ ಅಂದೇ ಅವರ ಮುಖಕ್ಕೆ ಹೇಳಿದ್ದಳು. "ಸಂಕಟದಲ್ಲಿದ್ದೀಯ, ಮನೆಗೆ ಹೋಗಮ್ಮ" ಎಂದಿದ್ದರು. ಪ್ರಾಂಶುಪಾಲರಿಗೂ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡಿದ್ದರು.

ಆ ಸಂಜೆ ಯಜಮಾನರು ಅವಳನ್ನು ಕರೆಸಿದರು. ಕುರ್ಚಿ ತೋರಿಸಿ ಕೂರಿಸಿದರು.

"ನೋಡಮ್ಮ, ನಾನು ಹೋಗೋ ಮುಂಚೆ ಎಲ್ಲ ಸಸೂತ್ರವಾಗಿ ಆಗ್ಲಿ ಅಂತ ಆಸೆ. ನಾಳೆ ಸಭೆಯಲ್ಲಿ ಹೇಗೂ ನೀನು ದೊಡ್ಡ ಮನಸ್ಸು ಮಾಡ್ತೀಯ."

ದೊಡ್ಡಕ್ಕ ಮೇಜಿನ ಮೇಲಿದ್ದ ಫೋನನ್ನು ನೋಡಿದಳು.

"ಆ ಹಳೇ ಕೇಸನ್ನ ಯಾರೋ ಕೆದಕ್ತಾ ಇದಾರಂತೆ. ನಾನೇ ತಡೆದಿಟ್ಟಿದ್ದೀನಿ. ಈ ವಯಸ್ಸಲ್ಲಿ ಲೈಸೆನ್ಸ್ ಹೋಯ್ತು ಅಂದ್ರೆ ಏನಮ್ಮ ಗತಿ? ನಿನ್ನಿಂದ ಆ ಬಾಣಂತಿಗೂ ತೊಂದರೆ. ಎಳೇ ಮಗು ಬೇರೆ ಪಾಪ."

ಪಾಪ ಎನ್ನುವಾಗ ಅವರ ದನಿಯಲ್ಲಿ ನಿಜವಾಗಿಯೂ ಕನಿಕರ ಇತ್ತು. ಅದನ್ನು ಕೇಳಿ ದೊಡ್ಡಕ್ಕನಿಗೆ ಹೆಚ್ಚು ಹೆದರಿಕೆಯಾಯಿತು. ಎದ್ದು ಬರುವಾಗ ಬಾಗಿಲ ಹಿಡಿ ಕೈಗೆ ಸಿಗಲಿಲ್ಲ. ಎರಡು ಸಲ ತಡಕಿದಳು.

ಮನೆಗೆ ಬಂದಳು. ಮನೆಯವರು ಶಾಲೆಯ ಮೇಷ್ಟರು. ಅವಳ ಮುಖ ನೋಡಿದವರೇ ಬಿಸಿನೀರಿಗೆ ಉಪ್ಪು ಹಾಕಿ ತಂದು ಅವಳ ಕಾಲ ಬಳಿ ಇಟ್ಟರು. ಎಲ್ಲ ಕೇಳಿದರು.

"ಯಾಕೆ ಬೇಕು ಈ ಉಸಾಬರಿ? ಬಡವಾ ನೀ ಮಡಗಿದಂಗಿರು ಅಂತ ಸುಮ್ನೆ ಹೇಳಿದಾರಾ? ಬೇಡ ಅಂದ್ಬಿಡು. ಒಂದು ಮಾತು ತಾನೆ."

"ಒಂದು ಮಾತೇ."

"ನಂಗೆ ಹೆದರಿಕೆ ಕಣೇ. ನಿನ್ನನ್ನ ಕಟಕಟೇಲಿ ನಿಲ್ಲಿಸಿದ್ರೆ ನಾನೇನು ಮಾಡ್ಲಿ?"

ಅವರ ಷರಟಿನ ಗುಂಡಿ ಕಿತ್ತಿತ್ತು. ಮಾತು ಬದಲಿಸಲು ದೊಡ್ಡಕ್ಕ ಸೂಜಿ ತೆಗೆದುಕೊಂಡಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಮತ್ತೆ ಹಿಡಿದಳು, ಹೋಗಲಿಲ್ಲ. ದಾರದ ತುದಿ ಸೂಜಿಯ ಸುತ್ತ ಗಾಳಿಗೆ ಸಿಕ್ಕ ಹುಳುವಿನ ಹಾಗೆ ಅಲುಗುತ್ತಿತ್ತು. ಜನರ ಕರುಳು ಹೊಲಿದ ಕೈ. ಅದು ನಡುಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮೇಷ್ಟರು ಸೂಜಿ ತೆಗೆದುಕೊಂಡು ತಾವೇ ಪೋಣಿಸಿ, ತಾವೇ ಗುಂಡಿ ಹೊಲಿದುಕೊಂಡರು, ಸೊಟ್ಟಗೆ.

ಪ್ರೀತಿ ಇಟ್ಟವರೂ ಅತ್ತ ಕಡೆಗೇ ತಳ್ಳುತ್ತಾರೆ ಎಂದು ಅವಳಿಗೆ ಅನಿಸಿತು. ಬಯ್ಯಲು ಮನಸ್ಸು ಬರಲಿಲ್ಲ.

ಮರುದಿನ ಸಭೆಯ ಕೋಣೆಗೆ ಹತ್ತುವ ಮೆಟ್ಟಿಲ ಮೇಲೆ ಪುಟ್ಟಿ ಕಾಯುತ್ತಿದ್ದಳು. ಮುಖದಲ್ಲಿ ರಕ್ತ ಇರಲಿಲ್ಲ.

"ನನ್ನನ್ನೂ ಬಾ ಅಂದಿದಾರೆ ಅಕ್ಕಾ. ಹೊರಗೆ ಕೂತಿರು, ಕರೆದಾಗ ಬಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂದ್ರು. ಏನು ಹೇಳ್ಲಿ?"

"ಕರೆಯೋ ಪ್ರಸಂಗ ಬರಲ್ಲ. ನಾನು ಬೇಡ ಅಂದ್ಬಿಡ್ತೀನಿ. ನೀನು ಕೆಲಸ ಉಳಿಸ್ಕೋ."

ಪುಟ್ಟಿ ತಲೆ ತಗ್ಗಿಸಿದಳು. ಸಮಾಧಾನವಾಯಿತೋ, ನಾಚಿಕೆಯಾಯಿತೋ ತಿಳಿಯಲಿಲ್ಲ. ದೊಡ್ಡಕ್ಕ ಅವಳ ಕೆನ್ನೆ ತಟ್ಟಿ ಒಳಗೆ ಹೋದಳು. ನಿಜವಾಗಿಯೂ ಬೇಡವೆನ್ನಲೆಂದೇ ಹೋದಳು.

ಉದ್ದನೆಯ ಮೇಜು. ಸುತ್ತ ವಿಭಾಗಗಳ ಮುಖ್ಯಸ್ಥರು, ಎಲ್ಲರೂ ಗಂಡಸರು. ಯಜಮಾನರ ಪಕ್ಕದಲ್ಲಿ ಆಗಲೇ ಚಿನ್ನದ ಕೈ. ಬದಿಯಲ್ಲಿ ಗೋಡೆಗೆ ಒತ್ತಿಕೊಂಡ ಕುರ್ಚಿಗಳಲ್ಲಿ ಇಬ್ಬರು ಮೂವರು ಹೆಂಗಸರು. ಅವರಲ್ಲಿ ಒಬ್ಬರು ಹೆರಿಗೆ ವಿಭಾಗದ ಹಿರಿಯರು, ದೊಡ್ಡ ಮನಸ್ಸು ಮಾಡಿದವರು. ಅವರು ದೊಡ್ಡಕ್ಕನನ್ನು ನೋಡಿ ಕಣ್ಣು ತಿರುಗಿಸಿದರು.

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. "ನಿಯಮದ ಪ್ರಕಾರ ಹಿರಿಯರು ಮೇಡಂ. ಅವರ ಅಭಿಪ್ರಾಯ ಕೇಳೋದು ನನ್ನ ಕರ್ತವ್ಯ."

ದೊಡ್ಡಕ್ಕ ಎದ್ದಳು. ಬಾಯಿ ತೆರೆದಳು.

"ನನಗೆ ಮನೆಯ ಹೊಣೆ ಇದೆ..."

ಚಪ್ಪಾಳೆ ಬಿತ್ತು. ಅವಳು ಮುಗಿಸಿರಲಿಲ್ಲ. ಅರ್ಧ ಮಾತಿಗೇ ಎಲ್ಲರೂ ತಟ್ಟಿದರು. ಜವಾನ ಬಾಗಿಲಿನಿಂದ ಹೂಗುಚ್ಛ ಹಿಡಿದು ಒಳಗೆ ಬರುತ್ತಿದ್ದ. ಅದನ್ನು ಹಿಂದಿನ ದಿನವೇ ತರಿಸಿಟ್ಟಿದ್ದರು. ನೀರು ಚಿಮುಕಿಸಿ ಬಾಡದ ಹಾಗೆ ನೋಡಿಕೊಂಡಿದ್ದರು. ಯಜಮಾನರು ಆಗಲೇ ಚಿನ್ನದ ಕೈಯ ಬೆನ್ನು ತಟ್ಟುತ್ತಿದ್ದರು.

ದೊಡ್ಡಕ್ಕ ಆ ಹೂಗಳನ್ನು ನೋಡಿದಳು. ನಿನ್ನೆ ಅಂಗಡಿಯಲ್ಲಿ ಯಾರೋ ಇವನ್ನು ಆರಿಸಿದ್ದಾರೆ. ಆಗ ಅವಳು ಕರುಳು ಹೊಲಿಯುತ್ತಿದ್ದಳು.

"ನಾನಿನ್ನೂ ಮುಗಿಸಿಲ್ಲ" ಎಂದಳು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಜವಾನ ಅಲ್ಲೇ ನಿಂತ.

"ಮನೆಯ ಹೊಣೆ ಇದೆ. ನಿಮಗೂ ಇದೆ. ನಿಮ್ಮನ್ನ ಯಾರೂ ಕೇಳಲ್ಲ. ನನ್ನನ್ನ ಕೇಳಿದ್ರಿ, ಹೇಳ್ತೀನಿ. ಈ ಕುರ್ಚಿ ನನಗೆ ಸಲ್ಲಬೇಕು. ನನಗೆ ಬೇಕು."

ಬೇಕು ಎಂಬ ಮಾತನ್ನು ಆ ಕೋಣೆಯಲ್ಲಿ ಹೆಂಗಸೊಬ್ಬಳು ಆಡಿದ್ದು ಅದೇ ಮೊದಲು. ಅವಳಿಗೇ ತನ್ನ ದನಿಯ ಗುರುತು ಸಿಗಲಿಲ್ಲ. ಆಡಿದ ಕೂಡಲೇ ಭಯ ಮೇಲೆದ್ದು ಬಂತು. ಕೈ ಅದುರತೊಡಗಿತು. ಬಚ್ಚಿಡಲು ಜಾಗ ಇರಲಿಲ್ಲ.

ಯಜಮಾನರು ನಕ್ಕರು. "ನೋಡಿ ಸರ್, ಮೇಡಂ ಕೈ ನೋಡಿ. ಈ ಕೈಗೆ ಚಾಕು ಕೊಡ್ತೀರಾ?"

ಕೆಲವರು ನಕ್ಕರು. ಚಿನ್ನದ ಕೈ ನಗಲಿಲ್ಲ. ತನ್ನ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ದೊಡ್ಡಕ್ಕ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಗಲ್ಲದಿಂದ ನೀರು ಸೋರಿತು. ಅವನು ನೀರು ಕೊಟ್ಟ. ಸಾಕ್ಷಿ ಕೊಡಲಿಲ್ಲ. ಗೋಡೆಯಾಚೆ ಯಜಮಾನರು ಆಡಿದ್ದೆಲ್ಲ ಅವನ ಕಿವಿಯೊಳಗೇ ಇತ್ತು. ಬಾಯಿಗೆ ಬರಲಿಲ್ಲ.

"ಹೆದರಿಕೆಗೆ ನಡುಗ್ತಿದೆ" ಎಂದಳು ದೊಡ್ಡಕ್ಕ. "ಹೆದರಿಸಿದವರು ನೀವೇ ಅಲ್ವಾ?"

ಯಜಮಾನರ ನಗು ಆರಿತು. "ಹಾಗಾದ್ರೆ ಒಂದು ವಿಷಯ ಸಭೆಗೆ ಗೊತ್ತಾಗ್ಲಿ. ಆಪರೇಷನ್ ಮೇಜಿನ ಮೇಲೆ ಒಂದು ಹೆಂಗಸು ಸತ್ತಿದ್ದು ಎಲ್ಲರಿಗೂ ನೆನಪಿದೆ. ಅದು ಯಾರ ಕೈಯಲ್ಲಿ ಆಯ್ತು ಅಂತ ಕಣ್ಣಾರೆ ಕಂಡವರು ಹೊರಗಿದ್ದಾರೆ. ಕರೆಸಿ."

ಪುಟ್ಟಿ ಒಳಗೆ ಬಂದಳು. ಅವಳಿಗೆ ಯಾರೂ ಕುರ್ಚಿ ಕೊಡಲಿಲ್ಲ. ಮೇಜಿನ ತುದಿಯಲ್ಲಿ ನಿಂತಳು. ಮಗುವಿಗೆ ಹಾಲೂಡಿಸುವ ಹೊತ್ತು ಮೀರಿತ್ತು. ಬಿಳಿ ಕೋಟಿನ ಎದೆಯ ಮೇಲೆ ಎರಡು ಒದ್ದೆ ಮಚ್ಚೆಗಳು ಮೂಡಿದ್ದವು. ಯಾರೋ ಅದನ್ನು ನೋಡಿ ಪಕ್ಕದವನಿಗೆ ಮೊಣಕೈ ತಾಗಿಸಿದ. ಪುಟ್ಟಿಗೆ ಅದು ಕಂಡಿತು. ತೋಳು ಕಟ್ಟಿಕೊಂಡಳು.

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ" ಎಂದರು ಯಜಮಾನರು. "ಕೊನೇಲಿ ಆ ಹೆಂಗಸಿನ ಹೊಟ್ಟೆಯೊಳಗೆ ಇದ್ದ ಕೈ ಯಾರದು?"

ಪುಟ್ಟಿ ನೆಲ ನೋಡಿದಳು. "ದೊಡ್ಡಕ್ಕಂದು."

ದೊಡ್ಡಕ್ಕ ಕಣ್ಣು ಮುಚ್ಚಿದಳು. ಮುಗಿಯಿತು ಎಂದುಕೊಂಡಳು. ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಆ ಮಗುವಿನ ಮುಖ ನೆನಪಾಯಿತು, ಅಷ್ಟೇ.

"ಸಾಕು. ಹೋಗು."

ಪುಟ್ಟಿ ಹೋಗಲಿಲ್ಲ. ಕಟ್ಟಿದ ತೋಳು ಬಿಚ್ಚಿದಳು.

"ಅದಕ್ಕೆ ಮುಂಚೆ ನನ್ನ ಕೈ ಇತ್ತು ಸರ್. ನನ್ನದೊಂದೇ. ನೀವು ಫೋನ್ ಬಂತು ಅಂತ ಗ್ಲೌಸ್ ತೆಗೆದು ಹೋದ್ರಿ. ನಾನು ಕೂಗ್ದೆ. ಮೂರು ಸಲ ಕೂಗ್ದೆ. ನೀವು ಬಂದಿದ್ದು ಅವಳ ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ."

ಯಜಮಾನರ ಕತ್ತಿನ ನರ ಉಬ್ಬಿತು. "ನಿನ್ನ ಕೆಲಸ ಖಾಯಂ ಮಾಡೋರು ಯಾರು ಅಂತ ಗೊತ್ತಲ್ಲ?"

"ಗೊತ್ತು ಸರ್." ಅವಳು ತಲೆ ಎತ್ತಿದಳು. "ನಿನ್ನೆಯಿಂದ ಗೊತ್ತು."

ಪ್ರಾಂಶುಪಾಲರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ದನಿಗೆ ಬೆಣ್ಣೆ ಸವರಿದರು.

"ಮೇಡಂ, ಕಾಲ ಮಿಂಚಿಲ್ಲ. ನೀವು ಎಂದಿನ ಆ ಮಾತು ಹೇಳ್ಬಿಡಿ. ಈ ಹುಡುಗಿ ಹೇಳಿದ್ದು ಈ ಕೋಣೆಯಲ್ಲೇ ಉಳಿಯುತ್ತೆ. ಅವಳ ಕೆಲಸಕ್ಕೆ ನಾನು ಜವಾಬ್ದಾರಿ. ಕೇಸು ಇಲ್ಲ, ವಿಚಾರಣೆ ಇಲ್ಲ. ಇಲ್ಲಾಂದ್ರೆ ಎಲ್ಲ ಹೊರಗೆ ಬೀಳುತ್ತೆ. ಮೊದಲು ಬೀಳೋರು ನೀವಿಬ್ಬರು. ಯೋಚನೆ ಮಾಡಿ."

ಈಗ ದೊಡ್ಡಕ್ಕನಿಗೆ ನಿಜವಾದ ಭಯ ಆಯಿತು. ತನ್ನ ಮಟ್ಟಿಗಾದರೆ ಏನೋ. ಎಳೆಯ ಮಗುವಿನ ತಾಯಿಯ ಬದುಕನ್ನು ತನ್ನ ಅಂಗೈಯಲ್ಲಿಟ್ಟು ಬಾಯಿ ಮುಚ್ಚು ಎನ್ನುತ್ತಿದ್ದಾರೆ. ಒಂದು ಮಾತು ತಾನೆ. ಮೇಷ್ಟರು ಹೇಳಿದ್ದು ಸರಿ. ಒಂದೇ ಮಾತು. ಅವಳು ಸಭೆಯ ಕಡೆ ನೋಡಲಿಲ್ಲ. ಪುಟ್ಟಿಯ ಕಡೆ ತಿರುಗಿದಳು.

"ಏನ್ ಮಾಡ್ಲೇ ಪುಟ್ಟಿ?"

ಯಾರೋ ಹೂಂಕರಿಸಿದರು. ಪ್ರೊಫೆಸರು ಎನಿಸಿಕೊಂಡವಳು ಖಾಯಂ ಆಗದ ಹುಡುಗಿಯನ್ನು ಕೇಳುವುದೇ?

"ನಂಗೆ ಭಯ ಆಗ್ತಿದೆ ಅಕ್ಕಾ."

"ನಂಗೂ ಆಗ್ತಿದೆ ಕಣೇ."

ಪುಟ್ಟಿ ಮೂಗು ಒರೆಸಿಕೊಂಡಳು. "ಅವತ್ತು ಮತ್ತಿನ ಇಂಜೆಕ್ಷನ್ ಕೊಡೋಕೆ ಮುಂಚೆ ಆ ಹೆಂಗಸು ನನ್ನ ಕೈ ಹಿಡ್ಕೊಂಡಿದ್ಲು. ಅವಳೂ ಹೆದರಿದ್ಲು. ದೊಡ್ಡ ಡಾಕ್ಟರು ಕೊನೇವರೆಗೂ ಇರ್ತಾರಲ್ವಾ ಅಂತ ಕೇಳಿದ್ಲು. ಇರ್ತಾರೆ ಅಂದಿದ್ದೆ. ಇದನ್ನ ಯಾರ ಹತ್ರಾನೂ ಹೇಳಿಲ್ಲ ಅಕ್ಕಾ. ನನ್ನ ಗಂಡನ ಹತ್ರಾನೂ."

ಗೋಡೆಯ ಬದಿಯಲ್ಲಿ ಹೆರಿಗೆ ವಿಭಾಗದ ಹಿರಿಯರು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು.

ದೊಡ್ಡಕ್ಕ ಪ್ರಾಂಶುಪಾಲರತ್ತ ತಿರುಗಿದಳು.

"ವಿಚಾರಣೆ ಮಾಡಿಸಿ. ನನ್ನ ಕೈಯನ್ನೂ ಕೇಳಿ, ಅವರ ಕೈಯನ್ನೂ ಕೇಳಿ. ಕುರ್ಚಿ ಕೊಡದೇ ಇರೋದು ನಿಮ್ಮ ಕೈಲಿದೆ. ಬೇಡ ಅನ್ನೋದು ನನ್ನ ಬಾಯಲ್ಲಿದೆ. ಅದು ಬರಲ್ಲ."

ಯಜಮಾನರು ಎದ್ದರು. "ಇದು ಸೊಕ್ಕು. ಹೆಂಗಸಿನ ಸೊಕ್ಕು. ನಾಳೆಯಿಂದ ನೀನು ಥಿಯೇಟರಿಗೆ ಹೇಗೆ ಕಾಲಿಡ್ತೀಯೋ ನೋಡ್ತೀನಿ."

ನಾಳೆ ಏನಾಗುತ್ತದೋ ದೊಡ್ಡಕ್ಕನಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ತಡೆಯಬಹುದು. ಪೊಲೀಸರು ಬರಬಹುದು. ಸತ್ತವಳ ಮಕ್ಕಳು ಬಂದು ತನ್ನ ಮುಖ ನೋಡಬಹುದು. ಆದರೆ ಪುಟ್ಟಿ ಇನ್ನೂ ನಿಂತೇ ಇದ್ದಳು. ಕಾಲು ಬದಲಿಸುತ್ತಿದ್ದಳು. ಬಾಣಂತಿಯ ಸೊಂಟ ಎಷ್ಟು ಹೊತ್ತು ತಾಳೀತು?

ದೊಡ್ಡಕ್ಕ ಮೇಜಿನಿಂದ ಒಂದು ಕುರ್ಚಿ ಎಳೆದಳು. ಕುರ್ಚಿಯ ಕಾಲು ನೆಲ ಕೆರೆದು ಕೀಚೆಂದಿತು. ಪುಟ್ಟಿಯ ಭುಜ ಹಿಡಿದು ಕೂರಿಸಿದಳು. ತನ್ನ ಕೋಟು ಬಿಚ್ಚಿ ಅವಳ ಎದೆಗೆ ಹೊದಿಸಿದಳು. ಕೈ ನಡುಗುತ್ತಲೇ ಇತ್ತು. ಆ ಕೈಯನ್ನು ಹಾಗೆಯೇ ಪುಟ್ಟಿಯ ಭುಜದ ಮೇಲಿಟ್ಟುಕೊಂಡು ಮೇಜಿನ ಸುತ್ತ ಕೂತವರನ್ನು ನೋಡಿದಳು.

"ಈಗ ಕೇಳಿ ಇವಳನ್ನ" ಎಂದಳು. "ಮೊದಲಿಂದ ಕೇಳಿ."